ಹಳೆ ಮಂಚದಿಂದ ಜಗಲಿಯ ಬೆಂಚು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹಳೆ ಹಂಚಿನ ಮನೆ ಬಿಚ್ಚಿ ಹೊಸ ಮನೆ ಕಟ್ಟುವಾಗ ಮೊದಲು ಅಂಗಳಕ್ಕೆ ಬಂದು ಬೀಳುವುದು ಮಂಚ. ಹೊಸ ಕೋಣೆಗೆ ಹೊಸ ಹಾಸಿಗೆ ಬರುತ್ತದೆ, ಅದರ ಅಳತೆಗೆ ಅಜ್ಜನ ಕಾಲದ ಮಂಚ ಹೊಂದುವುದಿಲ್ಲ. ಒಂದು ಮಳೆಗಾಲ ಹಟ್ಟಿಯ ಬದಿಯಲ್ಲಿ ನೆನೆದ ಮೇಲೆ ಅದು ಗುಜರಿಗೆ, ಇಲ್ಲವೇ ಬಚ್ಚಲಿನ ಒಲೆಗೆ. ನಮ್ಮ ಮನೆಯಿಂದಲೂ ಎರಡು ಮಂಚ ಹಾಗೇ ಹೋದವು. ಮೂರನೆಯದನ್ನು ಹಿಡಿದು ನಿಲ್ಲಿಸಿದೆ. ಈಗ ಅದು ಸಿಟೌಟಿನಲ್ಲಿ ಬೆಂಚಾಗಿದೆ. ಆಮೇಲೆ ನೆಂಟರಿಷ್ಟರ ಮನೆಗಳಲ್ಲಿ, ನಮ್ಮ ಆಚಾರಿಯ ಜೊತೆ ನಾನೂ ಕೈ ಹಾಕಿ, ಇನ್ನೂ ಎಂಟು ಬೆಂಚು ಮಾಡಿದ್ದೇವೆ. ನೋಡಿದವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ.

ಯಾವ ಮಂಚ ಬೆಂಚಿಗೆ ಆಗುತ್ತದೆ, ಯಾವುದು ಆಗುವುದಿಲ್ಲ?

ಗಟ್ಟಿ ಮರದ್ದಾದರೆ ಹೆಚ್ಚಿನವೂ ಆಗುತ್ತವೆ. ನಮ್ಮ ಕಡೆಯ ಹಳೆ ಮಂಚಗಳು ಹೆಚ್ಚಾಗಿ ಹಲಸಿನವು, ಸಾಗುವಾನಿಯವು, ಹೆಬ್ಬಲಸಿನವು. ಅಪರೂಪಕ್ಕೆ ಬೀಟೆ ಸಿಗುತ್ತದೆ. ಮಂಚ ಅಲ್ಲಾಡುತ್ತದೆ, ಮಗ್ಗುಲು ಬದಲಿಸಿದರೆ ಕಿರ್ರೆನ್ನುತ್ತದೆ ಎಂಬ ಕಾರಣಕ್ಕೆ ಬಿಸಾಡಬೇಡಿ. ಅಲ್ಲಾಡುವುದು ಸಂದು ಸಡಿಲಾದದ್ದರಿಂದ, ಮರ ಕೆಟ್ಟದ್ದರಿಂದ ಅಲ್ಲ. ಸಂದನ್ನು ಹೇಗೂ ಬಿಚ್ಚಿ ಮತ್ತೆ ಕೂರಿಸುತ್ತೇವೆ.

ಮರದ ಪುಡಿ ಒತ್ತಿ ಮಾಡಿದ, ಮೇಲೆ ಕಾಗದದಂಥ ಪದರ ಅಂಟಿಸಿದ ಹಲಗೆಯ ಮಂಚ ಆಗುವುದೇ ಇಲ್ಲ. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ. ಅದರ ತೇವಕ್ಕೆ ಆ ಹಲಗೆ ಉಬ್ಬಿ ಸ್ಕ್ರೂ ಹಿಡಿಯುವುದಿಲ್ಲ. ರಬ್ಬರ್ ಮರದ್ದಾದರೆ ಮನೆಯೊಳಗೆ ಇಡುವ ಬೆಂಚು ಮಾಡಿ, ಇರಚಲು ಬಡಿಯುವಲ್ಲಿಗೆ ಬೇಡ.

ಪೇಂಟಿನ ಕೆಳಗೆ ಯಾವ ಮರವಿದೆ ಎಂದು ಹೇಗೆ ಗೊತ್ತಾಗುವುದು?

ಮಂಚ ಮಗುಚಿ ಹಾಕಿ. ತಲೆಗಡೆಯನ್ನೂ ಕಾಲುಗಡೆಯನ್ನೂ ಜೋಡಿಸುವ ಉದ್ದಪಟ್ಟಿಯ ಒಳಮೈಗೆ ಸಾಮಾನ್ಯವಾಗಿ ಬ್ರಷ್ ಮುಟ್ಟಿರುವುದಿಲ್ಲ. ಅಲ್ಲಿ ಉಳಿಯಿಂದ ಹೆಬ್ಬೆರಳಿನ ಉಗುರಿನಷ್ಟು ಜಾಗ ಕೆರೆದು ನೋಡಿ. ಹಲಸಾದರೆ ಮೇಲ್ಮೈ ಎಷ್ಟೇ ಕಂದಾಗಿದ್ದರೂ ಒಳಗೆ ಅರಸಿನ ಬಣ್ಣ ಕಾಣುತ್ತದೆ. ಗಾಳಿ ಬೆಳಕು ತಾಗಿ ವರ್ಷಗಳಲ್ಲಿ ಕೆಂಪುಗಂದಿಗೆ ತಿರುಗುವುದು ಆ ಬಣ್ಣವೇ. ಸಾಗುವಾನಿ ಹೊನ್ನುಗಂದು, ಮುಟ್ಟಿದರೆ ತುಸು ಜಿಡ್ಡು, ಮೂಗಿಗೆ ಹಿಡಿದರೆ ಹೊಸ ಚರ್ಮದಂಥ ವಾಸನೆ. ಬೀಟೆ ನೇರಳೆ ಬೆರೆತ ಕಪ್ಪುಗಂದು, ಎತ್ತಿದರೆ ಕೈ ಸೋಲುವ ಭಾರ. ಮಾವು ಮಾಸಲು ಬಣ್ಣದ್ದು, ಹುಳ ಬೇಗ ಹಿಡಿಯುತ್ತದೆ.

ನಮ್ಮ ಅಜ್ಜಿಯ ಮಂಚಕ್ಕೆ ಹಸಿರು ಪೇಂಟು ಬಳಿದಿತ್ತು. ಯಾವುದೋ ಕಾಡುಮರ ಎಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ಆಚಾರಿ ಪಟ್ಟಿಯ ಒಳಮೈಗೆ ಒಂದೇ ಒಂದು ಎಳೆ ಕೀಸುಳಿ ಹಿಡಿದರು. ಸುರುಳಿಯಾಗಿ ಎದ್ದ ಚಕ್ಕೆ ಹಲಸಿನ ಸೊಳೆಯ ಬಣ್ಣಕ್ಕಿತ್ತು.

ಮಂಚದ ಯಾವ ಭಾಗ ಬೆಂಚಿನಲ್ಲಿ ಎಲ್ಲಿಗೆ ಹೋಗುತ್ತದೆ?

ಇದು ತಿಳಿದರೆ ಉಳಿದದ್ದೆಲ್ಲ ಸುಲಭ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಇಬ್ಬರು ಮಲಗುವ ಸಾಮಾನ್ಯ ಮಂಚ ಆರೂಕಾಲು ಅಡಿ ಉದ್ದ, 5 ಅಡಿ ಅಗಲ. ಅಂದರೆ 75 ಇಂಚು, 60 ಇಂಚು.

ತಲೆಗಡೆಯ ಹಲಗೆಯನ್ನು ಮುಟ್ಟಬೇಡಿ. ಅದು ಹಾಗೇ ಬೆಂಚಿನ ಬೆನ್ನಾಗುತ್ತದೆ, ಅದರ ಎರಡು ಕಾಲು ಬೆಂಚಿನ ಹಿಂಗಾಲಾಗುತ್ತವೆ. ಬೆಂಚಿನ ಉದ್ದ ಆಗ ತಾನಾಗಿಯೇ 5 ಅಡಿ. ಒಬ್ಬರಿಗೆ 18ರಿಂದ 20 ಇಂಚು ಹಿಡಿದರೆ ಮೂವರು ಆರಾಮಾಗಿ ಕೂರಬಹುದು.

ಕಾಲುಗಡೆಯ ಹಲಗೆಯನ್ನು ನಡುವೆ ಕೊಯ್ದು ಎರಡು ಮಾಡಿ. ಪ್ರತಿ ಅರ್ಧಕ್ಕೂ ಒಂದೊಂದು ಕಾಲು ಇರುತ್ತದೆ. ಆ ಕಾಲು ಮುಂದೆ ಬರುವ ಹಾಗೆ, ಕೊಯ್ದ ಬದಿ ಹಿಂಗಾಲಿಗೆ ತಾಗುವ ಹಾಗೆ ತಿರುಗಿಸಿದರೆ ಎರಡು ಕೈತೋಳು ಸಿಕ್ಕಿತು. ಅರ್ಧ ಹಲಗೆ 30 ಇಂಚು ಇರುತ್ತದೆ, ಬೆಂಚಿಗೆ ಬೇಕಾದ ಆಳ 17 ಇಂಚು. ಉಳಿದ 13 ಇಂಚು ತೆಗೆದಿಡಿ.

ಇನ್ನು ಎಲ್ಲರೂ ತಪ್ಪುವ ಜಾಗ. ಮಂಚದ ಕಾಲುಗಡೆ ನಿಂತು ನೋಡುವಾಗ ಎಡಗಡೆ ಇರುವ ಅರ್ಧ, ಬೆಂಚಿನಲ್ಲಿ ಬಲಗಡೆಗೆ ಹೋಗಬೇಕು. ಬಲಗಡೆಯದು ಎಡಕ್ಕೆ. ಹಾಗೆ ಅದಲುಬದಲು ಮಾಡಿದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಹಲಗೆಯ ಕೆತ್ತನೆ ಇರುವ ಮೈ ಹೊರಗೆ ಕಾಣುತ್ತದೆ, ಉದ್ದಪಟ್ಟಿ ಕೂರಲು ಮೊದಲೇ ಕೊರೆದ ತೂತುಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಬೆಂಚಿನ ಮುಂಪಟ್ಟಿಯನ್ನು ಅದೇ ಹಳೆ ತೂತುಗಳಲ್ಲಿ ಕೂರಿಸಬಹುದು. ನಾವು ಎರಡನೆಯ ಬೆಂಚು ಮಾಡುವಾಗ ಎಡದ್ದನ್ನು ಎಡಕ್ಕೇ ಅಂಟಿಸಿಬಿಟ್ಟೆವು. ತೂತುಗಳು ಎರಡೂ ಹೊರಗೆ ಬಾಯಿ ಬಿಟ್ಟುಕೊಂಡವು, ಕೆತ್ತನೆ ಒಳಗೆ ಹೋಯಿತು. ಅಂಟು ಒಣಗಿದ್ದರಿಂದ ಬಿಡಿಸುವಾಗ ಒಂದು ಹಲಗೆಯ ಅಂಚು ಎದ್ದು ಹೋಯಿತು. ಅಂದಿನಿಂದ ಅಂಟು ಮುಟ್ಟುವ ಮೊದಲು ಒಮ್ಮೆ ಎಲ್ಲವನ್ನೂ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿ ನೋಡುತ್ತೇವೆ.

ಎರಡು ಉದ್ದಪಟ್ಟಿಗಳಲ್ಲಿ ಒಂದು ಮುಂಪಟ್ಟಿಗೆ, ಇನ್ನೊಂದು ತಲೆಹಲಗೆಗೆ ಅಡ್ಡಲಾಗಿ ಬಡಿಯುವ ಹಿಂಪಟ್ಟಿಗೆ. ಮುಂಪಟ್ಟಿಯ ಒಂದು ತುದಿಯ ನಾಲಿಗೆ, ಅಂದರೆ ತೂತಿನೊಳಗೆ ಹೋಗುವ ಭಾಗ, ಹಳೆಯದೇ ಉಳಿಯುತ್ತದೆ, ಇನ್ನೊಂದು ತುದಿಗೆ ಮಾತ್ರ ಹೊಸದಾಗಿ ಕೆತ್ತಬೇಕು. ಎರಡು ಪಟ್ಟಿಯಲ್ಲೂ ಒಂದೂವರೆ ಅಡಿಯ ಹತ್ತಿರ ಉಳಿಯುತ್ತದಲ್ಲ, ಆ ಎರಡು ತುಂಡು ಆಸನದ ಅಡಿಗೆ ಮುಂದಿನಿಂದ ಹಿಂದಕ್ಕೆ ಕೊಡುವ ಆಧಾರಕ್ಕೆ ಸರಿಹೋಗುತ್ತವೆ. ಇನ್ನು ಹಾಸಿಗೆಯ ಕೆಳಗಿನ ಅಡ್ಡಪಟ್ಟಿಗಳು ಮೊದಲೇ ಮಂಚದ ಅಗಲಕ್ಕಿದ್ದವು. ಅವು ಬೆಂಚಿನ ಉದ್ದಕ್ಕೆ ಹಾಗೇ ಬಂದು ಕೂರುತ್ತವೆ. 3 ಇಂಚಿನವಾದರೆ 5 ಸಾಕು. ಮೊದಲ ಸಲ ಈ ಲೆಕ್ಕ ಹಾಕುತ್ತಾ ಹೋದಂತೆ, ಈ ಮಂಚ ಬೆಂಚಾಗಲು ಕಾದೇ ಇತ್ತೇನೋ ಎಂದು ನನಗೆ ಅನ್ನಿಸಿತ್ತು.

ಒಬ್ಬರೇ ಮಲಗುವ 3 ಅಡಿಯ ಮಂಚ ಇದ್ದರೆ?

ಅದೇ ಲೆಕ್ಕದಲ್ಲಿ 3 ಅಡಿಯ, ಒಬ್ಬರು ಕಾಲು ಮಡಚಿ ಕೂರುವಷ್ಟು ಅಗಲದ ಕುರ್ಚಿಯಾಗುತ್ತದೆ. ಅದು ಬೇಡವೆಂದಾದರೆ ಉದ್ದದ ಬದಿಯನ್ನೇ ಬೆನ್ನು ಮಾಡಿ: ತಲೆಹಲಗೆ, ಕಾಲುಹಲಗೆ ಎರಡೂ ಕೈತೋಳಾಗಿ ನಿಲ್ಲುತ್ತವೆ, ಅಗಲವನ್ನು 36 ಇಂಚಿನಿಂದ 20ಕ್ಕೆ ಇಳಿಸಿದರೆ ಆರು ಅಡಿಯ ಬೆಂಚು. ಮಧ್ಯಾಹ್ನ ಊಟ ಮುಗಿಸಿ ಒರಗಲು ಇಷ್ಟು ಒಳ್ಳೆಯದು ಬೇರೆ ಇಲ್ಲ. ಬೆನ್ನಿಗೆ ಮಾತ್ರ ಬೇರೆ ಪಟ್ಟಿ ಬೇಕಾಗುತ್ತದೆ.

ಬೆಂಚಿನ ಎತ್ತರ ಎಷ್ಟಿರಬೇಕು?

ನೆಲದಿಂದ ಆಸನದ ಮೇಲ್ಮೈಗೆ 17 ಇಂಚು, ಅಂದರೆ 43 ಸೆಂ.ಮೀ. ಮಂಚದ ಪಟ್ಟಿ ಸಾಮಾನ್ಯವಾಗಿ ಇದಕ್ಕಿಂತ ತಗ್ಗಿನಲ್ಲಿರುತ್ತದೆ, ಯಾಕೆಂದರೆ ಅದರ ಮೇಲೆ ಹಾಸಿಗೆ ಬರಬೇಕಿತ್ತು. ಹಳೆ ತೂತುಗಳನ್ನೇ ಬಳಸಿದರೆ ಆಸನ 14, 15 ಇಂಚಿಗೆ ನಿಲ್ಲುತ್ತದೆ. ಮಕ್ಕಳಿಗೆ, ಅಡಿಕೆ ಸುಲಿಯಲು ಕೂರುವವರಿಗೆ ಅದು ಒಳ್ಳೆಯದೇ. ಮೊಣಕಾಲು ನೋವಿನವರು ಇದ್ದರೆ ಮಾತ್ರ ಅಷ್ಟು ತಗ್ಗು ಬೇಡ, ಎದ್ದು ನಿಲ್ಲುವಾಗ ಕಷ್ಟವಾಗುತ್ತದೆ. ಅವರಿಗೆ 18 ಇಂಚು ಮಾಡಿ, ಕೈತೋಳು ಗಟ್ಟಿಯಾಗಿರಲಿ, ಅದನ್ನು ಒತ್ತಿಯೇ ಅವರು ಏಳುವುದು. ಎತ್ತರ ಹೆಚ್ಚಿಸಲು ಕಾಲಿನ ಅಡಿಗೆ ತುಂಡು ಕೊಡುವುದಕ್ಕಿಂತ ಪಟ್ಟಿಯ ಮೇಲೆ ಒಂದು ದಪ್ಪ ರೀಪು ಕೂರಿಸಿ ಅದರ ಮೇಲೆ ಆಸನ ಹಾಕುವುದು ಭದ್ರ.

ತಲೆಹಲಗೆ ನೆಟ್ಟಗೆ ನಿಂತಿರುತ್ತದೆ. ಬೆನ್ನು ನೋಯುವುದಿಲ್ಲವೇ?

ನೋಯುತ್ತದೆ. ಹಲಗೆಯನ್ನು ಓರೆ ಮಾಡಲು ಹೋಗಬೇಡಿ, ಕಾಲುಗಳೂ ಓರೆಯಾಗುತ್ತವೆ. ಆಸನವನ್ನೇ ಹಿಂದಕ್ಕೆ ಇಳಿಜಾರು ಮಾಡಿ. 17 ಇಂಚಿನ ಆಳಕ್ಕೆ ಹಿಂಬದಿ ಒಂದು ಇಂಚು ತಗ್ಗಿದರೆ ಸಾಕು, ಕೂತವರ ಸೊಂಟ ಹಿಂದಕ್ಕೆ ಸರಿದು ಬೆನ್ನು ಹಲಗೆಗೆ ಸರಿಯಾಗಿ ತಾಗುತ್ತದೆ. ವಯಸ್ಸಾದವರಿಗೆ ಅರ್ಧ ಇಂಚಿಗಿಂತ ಹೆಚ್ಚು ಬೇಡ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಿಂಗಾಲು ನೆಟ್ಟಗಿರುವುದರಿಂದ, ಮಗು ಆಸನದ ಮೇಲೆ ನಿಂತು ಎತ್ತರದ ತಲೆಹಲಗೆಗೆ ಜೋತುಬಿದ್ದರೆ ಬೆಂಚು ಹಿಂದಕ್ಕೆ ಮಗುಚೀತು. ಗೋಡೆಗೆ ತಾಗಿಸಿ ಇಡುವುದಾದರೆ ಎರಡು ಕೊಂಡಿ ಹಾಕಿ ಗೋಡೆಗೇ ಬಿಗಿಯಿರಿ. ಅಂಗಳದ ನಡುವೆ ಇಡುವುದಾದರೆ ಹಿಂಗಾಲಿನ ಬುಡಕ್ಕೆ ಹಿಂದಕ್ಕೆ 3 ಇಂಚು ಚಾಚುವ ಒಂದು ಅಡ್ಡಪಾದ ಕೊಡಿಸಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡಲೇಬೇಡಿ.

ಸಂದುಗಳನ್ನು ಬಿಡಿಸುವುದು ಯಾವಾಗ, ಹೇಗೆ?

ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿರುತ್ತದೆ, ತೂತಿನೊಳಗಿನ ನಾಲಿಗೆ ಕಚ್ಚಿ ಹಿಡಿದಿರುತ್ತದೆ. ಒಂದು ಆಷಾಢದಲ್ಲಿ ನೆಂಟರ ಮನೆಯಲ್ಲಿ ಅವಸರಕ್ಕೆ ಸುತ್ತಿಗೆಯಿಂದ ಬಡಿದೆ. ಪಟ್ಟಿ ಹೊರಗೆ ಬಂತು, ಜೊತೆಗೆ ತಲೆಹಲಗೆಯ ಕಾಲು ತೂತಿನಿಂದ ಬುಡದವರೆಗೆ ಸೀಳಿಹೋಯಿತು. ಒಳ್ಳೆಯ ಸಾಗುವಾನಿ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಿಸಿಲಿಗೆ ಎರಡು ದಿನ ಇಟ್ಟು, ಮೊದಲು ಸಂದನ್ನು ಸರಿಯಾಗಿ ನೋಡಿ. ಬೆಣೆ ಬಡಿದಿದ್ದರೆ ಅದನ್ನು ಎದುರಿನಿಂದ ತಟ್ಟಿ ತೆಗೆಯಬೇಕು. ಬೋಲ್ಟು ಇದ್ದರೆ ಅದರ ತಲೆಯನ್ನು ಒಂದು ಮರದ ಬಿಲ್ಲೆ ಮುಚ್ಚಿರುತ್ತದೆ. ಕಬ್ಬಿಣದ ಕೊಂಡಿಯಾದರೆ ಪಟ್ಟಿಯನ್ನು ಮೇಲಕ್ಕೆತ್ತಿದರೆ ಬಿಟ್ಟುಕೊಳ್ಳುತ್ತದೆ. ಬಡಿಯಲು ಕಬ್ಬಿಣದ ಸುತ್ತಿಗೆ ಬೇಡ, ಮರದ ಕೊಡತಿ ಇರಲಿ, ನಡುವೆ ಒಂದು ಹಲಗೆ ತುಂಡು ಹಿಡಿಯಿರಿ. ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ಅದರ ತಲೆಗೆ ಬಿಸಿ ಮಾಡಿದ ಸೋಲ್ಡರಿಂಗ್ ಕಡ್ಡಿ ಒಂದು ನಿಮಿಷ ಹಿಡಿದು, ಆರಿದ ಮೇಲೆ ತಿರುಗಿಸಿ.

ಬಿಡಿಸುವ ಮೊದಲೇ ಪ್ರತಿ ಸಂದಿನ ಎರಡೂ ಕಡೆ ಒಂದೇ ಗುರುತು ಬರೆಯಿರಿ. ಹಳೆ ಆಚಾರಿಗಳು ಉಳಿಯಲ್ಲಿ ಗೀರಿದ ಗುರುತು ಒಳಗೇ ಸಿಗುವುದೂ ಉಂಟು: ಒಂದು ಗೀರು, ಎರಡು ಗೀರು, ಮೂರು ಗೀರು. ಅವರ ಕೈಯ ಗುರುತು ಕಂಡಾಗ ಕೆರೆದು ಅಳಿಸಬೇಡಿ.

ಮರಕ್ಕೆ ಕುಟ್ಟೆ ಹುಳ ಹಿಡಿದಿದೆ. ಬಳಸಬಹುದೇ?

ತೂತು ಕಂಡ ತಕ್ಷಣ ಹೆದರಬೇಕಾಗಿಲ್ಲ. ಹುಳ ಇನ್ನೂ ಒಳಗಿದೆಯೇ ಎಂದು ನೋಡಬೇಕು. ಮಂಚದ ಅಡಿಗೆ ಕಪ್ಪು ಕಾಗದ ಹಾಸಿ 15 ದಿನ ಬಿಡಿ. ಅಕ್ಕಿಹಿಟ್ಟಿನಂಥ ನಯವಾದ ಪುಡಿ ಬಿದ್ದಿದ್ದರೆ ಹುಳ ಜೀವಂತವಾಗಿದೆ. ತೂತಿನ ಒಳಗೆ ಕಪ್ಪಾಗಿದ್ದು ಪುಡಿ ಬೀಳದಿದ್ದರೆ ಹಳೆ ಕತೆ. ಇವು ಹೆಚ್ಚಾಗಿ ತಿನ್ನುವುದು ಹೊರಗಿನ ಬಿಳಿ ಭಾಗವನ್ನು, ತಿರುಳನ್ನಲ್ಲ. ಹಾಗಾಗಿ ಬಿಳಿ ಭಾಗವನ್ನು ಕೀಸಿ ತೆಗೆದರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದದ್ದಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಿನಲ್ಲಿ ಕರಗಿಸಿ, ಪೇಂಟು ತೆಗೆದ ಬರಿಮರಕ್ಕೆ ಎರಡು ಮೂರು ಸಲ ಹಚ್ಚಿ. ಪೇಂಟಿನ ಮೇಲೆ ಹಚ್ಚಿದರೆ ಒಳಗಿಳಿಯುವುದಿಲ್ಲ. ಸೀಮೆಎಣ್ಣೆ ಸುರಿಯುವವರಿದ್ದಾರೆ, ವಾಸನೆ ಹೋಗುವ ಹೊತ್ತಿಗೆ ಗುಣವೂ ಹೋಗಿರುತ್ತದೆ.

ಗೆದ್ದಲಾದರೆ ಬೇರೆ ಮಾತು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಭಾಗವನ್ನು ಕೊಯ್ದು ತೆಗೆಯಿರಿ, ಉಳಿಸಿಕೊಳ್ಳಲು ನೋಡಬೇಡಿ.

ತಿಗಣೆ?

ಕುದಿಯುವ ನೀರು. ಬಿಚ್ಚಿದ ಪ್ರತಿ ತೂತಿಗೂ, ಪ್ರತಿ ಬಿರುಕಿಗೂ ಅಂಗಳದಲ್ಲೇ ಹೊಯ್ಯಿರಿ. ವಾರ ಬಿಟ್ಟು ಇನ್ನೊಮ್ಮೆ. ಬರಿಯ ಮಂಚ ಅಟ್ಟದಲ್ಲಿ ತಿಂಗಳುಗಟ್ಟಲೆ ಇದ್ದರೂ ತಿಗಣೆ ಸಾಯದೆ ಉಳಿದೀತು, ಆದ್ದರಿಂದ ಹಳೆ ಮಂಚ ನೇರ ಮನೆಯೊಳಗೆ ತರಬೇಡಿ.

ಹಳೆ ಪೇಂಟನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಬಹುದೇ?

ಒಣದಾಗಿ ಉಜ್ಜಬೇಡಿ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಬಳಿದ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಹೆಚ್ಚು ಇದ್ದಿರಬಹುದು. ಉಜ್ಜಿದ ಪುಡಿ ಉಸಿರಿಗೆ ಹೋಗುತ್ತದೆ, ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು.

ಪೇಂಟು ಮೆತ್ತಗಾಗಿಸುವ ರಿಮೂವರ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ಚಪ್ಪಟೆ ಉಳಿಯಂಥ ಪಟ್ಟಿಯಿಂದ ಎಬ್ಬಿಸಿ. ಉಳಿದದ್ದನ್ನು ನೀರಿನಲ್ಲಿ ಒದ್ದೆ ಮಾಡಿದ ಉಪ್ಪುಕಾಗದದಿಂದ ಉಜ್ಜಿ. ಮೂಗಿಗೆ ಧೂಳಿನ ಮಾಸ್ಕ್, ಕೈಗೆ ಗವಸು, ಅಡಿಗೆ ಪ್ಲಾಸ್ಟಿಕ್ ಹಾಳೆ ಇರಲಿ. ಎದ್ದ ಪೇಂಟನ್ನು ಬಚ್ಚಲ ಒಲೆಗೆ ಹಾಕಬೇಡಿ, ತೋಟಕ್ಕೂ ಎಸೆಯಬೇಡಿ. ನಾವು ಕೆಲಸ ಮಾಡುವ ಎರಡು ದಿನ ಮಕ್ಕಳನ್ನು ಅಂಗಳಕ್ಕೆ ಬಿಡುವುದಿಲ್ಲ.

ಮೊಳೆ, ಸ್ಕ್ರೂ ಯಾವುದು ಒಳ್ಳೆಯದು?

ಸಾಧ್ಯವಾದಲ್ಲೆಲ್ಲ ಮರದ ಸಂದು, ಅಂಟು, ಮರದ ಗೂಟ. ಸ್ಕ್ರೂ ಬೇಕಾದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ. ಕುಂಬಳೆ, ಉಪ್ಪಳ, ಮಂಜೇಶ್ವರ, ಬೇಕಲದಂಥ ಕಡಲ ಬದಿಯ ಊರಾದರೆ ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣ ಎರಡು ಮಳೆಗಾಲವೂ ತಡೆಯುವುದಿಲ್ಲ. ಸ್ಟೇನ್‌ಲೆಸ್‌ನಲ್ಲೂ 316 ಎಂಬ ಬಗೆ ಉಪ್ಪಿಗೆ 304ಕ್ಕಿಂತ ಚೆನ್ನಾಗಿ ತಡೆಯುತ್ತದೆ. ಕಬ್ಬಿಣದ ಮೊಳೆ ಇನ್ನೊಂದು ಕೇಡು ಮಾಡುತ್ತದೆ: ತೇವದಲ್ಲಿ ಮರದ ಒಗರಿನ ಜೊತೆ ಸೇರಿ ಸುತ್ತಲೂ ಕಪ್ಪು ಕಲೆ ಹರಡುತ್ತದೆ.

ಆಸನಕ್ಕೆ ಮಂಚದ ಪಟ್ಟಿ ಸಾಲದಿದ್ದರೆ ಏನು ಹಾಕುವುದು?

ನಮ್ಮ ತೋಟದಲ್ಲೇ ಇದೆ. ಚೆನ್ನಾಗಿ ಬಲಿತ ಅಡಿಕೆ ಮರದ ದಬ್ಬೆ. ಒಳಗಿನ ಮೆತ್ತನೆ ಭಾಗ ಪೂರ್ತಿ ಕೆತ್ತಿ ತೆಗೆದು, ಹೊರಗಿನ ಕಪ್ಪು ಗಟ್ಟಿ ಭಾಗವನ್ನು ಮಾತ್ರ ಉಳಿಸಿ, ಅಂಚುಗಳನ್ನು ಬಹಳ ಜಾಗ್ರತೆಯಿಂದ ಉರುಟು ಮಾಡಿ. ಅದರ ಸಿಬಿರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ನೀರ್ಚಾಲಿನ ಹತ್ತಿರ ಒಂದು ಮನೆಗೆ ಹೀಗೆ ಮಾಡಿದ ಬೆಂಚು ನೋಡಲು ಬಹಳ ಚಂದ ಬಂದಿದೆ, ಹಲಸಿನ ಹೊಂಬಣ್ಣದ ಚೌಕಟ್ಟಿಗೆ ಕರಿ ದಬ್ಬೆಯ ಗೆರೆಗಳು.

ಏನೇ ಹಾಕಿದರೂ ಪಟ್ಟಿಗಳ ನಡುವೆ ಸಂದು ಬಿಡಿ. ಬೇಸಿಗೆಯಲ್ಲಿ ಮಾಡುವುದಾದರೆ ಕಾಲು ಇಂಚು, ಮಳೆ ಬಂದಾಗ ಮರ ಅಗಲವಾಗಲು ಜಾಗ ಬೇಕು. ಉದ್ದಕ್ಕೆ ಹಾಸಿದ ಪಟ್ಟಿಗೆ ಪ್ರತಿ 19, 20 ಇಂಚಿಗೆ ಅಡಿಯಿಂದ ಆಧಾರ ಇರಲೇಬೇಕು. ಮೂವರು ಕೂತರೆ 200 ಕಿಲೋ ದಾಟಲೂಬಹುದು.

ತೆಂಗಿನೆಣ್ಣೆ ಹಚ್ಚಿದರೆ ಮಿರಮಿರ ಹೊಳೆಯುತ್ತದಲ್ಲ?

ಆ ದಿನ ಹೊಳೆಯುತ್ತದೆ. ತೆಂಗಿನೆಣ್ಣೆ ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ. ಮರದ ಮೇಲೆ ಜಿಡ್ಡಾಗಿ ನಿಂತು ಧೂಳು ಹಿಡಿಯುತ್ತದೆ, ಬಟ್ಟೆಗೆ ಅಂಟುತ್ತದೆ, ಕೊನೆಗೆ ಕನರು ವಾಸನೆ ಬರುತ್ತದೆ. ಒಣಗುವ ಎಣ್ಣೆ ಅಗಸೆಯದು. ಕುದಿಸಿದ ಅಗಸೆ ಎಣ್ಣೆ ಎಂದು ಪೇಂಟಿನ ಅಂಗಡಿಯಲ್ಲಿ ಕೇಳಿ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಹೆಚ್ಚಿನದನ್ನು ಒರಸಿ ತೆಗೆಯಿರಿ. ದಿನಕ್ಕೊಂದರಂತೆ ಮೂರು ಸಲ. ಮೇಲೆ ಬೇಕಾದರೆ ಜೇನುಮೇಣ.

ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ, ಬಿಡಿಸಿ, ಹೊರಗೆ ಒಣಗಲು ಹಾಕಿ.

ಅರಗಿನ ಹಳೆ ಪಾಲಿಶ್ ಮನೆಯೊಳಗೆ ಚಂದ. ಸಿಟೌಟಿನಲ್ಲಿ ತೇವಕ್ಕೆ ಬೆಳ್ಳಗಾಗುತ್ತದೆ.

ಗೇರೆಣ್ಣೆ ಹಚ್ಚಬಹುದೇ? ಹಿಂದೆ ಮಾಡಿನ ಪಕ್ಕಾಸಿಗೆ ಹಚ್ಚುತ್ತಿದ್ದರು.

ಗೇರುಬೀಜದ ಸಿಪ್ಪೆಯ ಎಣ್ಣೆ ಗೆದ್ದಲಿಗೆ ಒಳ್ಳೆಯ ತಡೆ, ನಿಜ. ಅದೇ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ. ಪಕ್ಕಾಸನ್ನು ಯಾರೂ ಮುಟ್ಟುವುದಿಲ್ಲ, ಬೆಂಚಿನ ಮೇಲೆ ಬರಿಮೈಯಲ್ಲಿ ಕೂರುತ್ತೇವೆ. ಕಾಲಿನ ಬುಡದ ಕೊಯ್ದ ತುದಿಗೆ ಮಾತ್ರ ಹಚ್ಚಿ, ಅದೂ ಗವಸು ಹಾಕಿಕೊಂಡು.

ಮಳೆಗಾಲದಲ್ಲಿ ಬೆಂಚು ಮೊದಲು ಕೆಡುವುದು ಎಲ್ಲಿ?

ಕಾಲಿನ ಬುಡದಲ್ಲಿ. ಮರ ನೀರು ಕುಡಿಯುವುದು ಮೈಯಿಂದಲ್ಲ, ಕೊಯ್ದ ತುದಿಯಿಂದ. ಸಿಟೌಟಿನ ನೆಲದಲ್ಲಿ ನಿಂತ ನೀರನ್ನು ಕಾಲು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಬುಡಕ್ಕೆ ಎಪಾಕ್ಸಿ ಅಂಟು ತೆಳ್ಳಗೆ ಎರಡು ಸಲ ಹಚ್ಚಿ, ಅಡಿಗೆ ರಬ್ಬರಿನ ಬಿಲ್ಲೆ ಹೊಡೆಯಿರಿ. ಮುರಕಲ್ಲಿನ ಕಟ್ಟೆಯ ಮೇಲೆ ಇಡುವುದಾದರೆ ಒಂದೊಂದು ಹೆಂಚಿನ ತುಂಡು ಕೊಟ್ಟರೂ ಆಗುತ್ತದೆ. ಗೋಡೆಗೆ ಬಿಗಿಯದ ಬೆಂಚಾದರೆ ಜೂನ್‌ನಲ್ಲಿ ಅದನ್ನು ಗೋಡೆಯಿಂದ ಎರಡು ಇಂಚು ಮುಂದಕ್ಕೆ ಎಳೆಯಿರಿ, ಹಿಂದೆ ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತದೆ.

ಕಬ್ಬಿಣದ ಮಂಚ?

ಆಗುತ್ತದೆ, ಕ್ರಮವೂ ಅದೇ. ಪೈಪನ್ನು ಬೆರಳಿನಿಂದ ಒತ್ತಿ ನೋಡಿ, ತುಕ್ಕು ತಿಂದು ತೆಳ್ಳಗಾಗಿದ್ದರೆ ಬೇಡ. ವೆಲ್ಡಿಂಗಿನವರಿಗೆ ಕೊಡುವಾಗ ಸತುವಿನ ಲೇಪ ಇದ್ದರೆ ಮೊದಲೇ ಹೇಳಿ, ಅದನ್ನು ಉಜ್ಜಿ ತೆಗೆಯದೆ ಬೆಸೆದರೆ ಏಳುವ ಹೊಗೆ ಅವರಿಗೆ ಜ್ವರ ತರಿಸುತ್ತದೆ.

ಸೊಳ್ಳೆಪರದೆಯ ನಾಲ್ಕು ಕಂಬ ಇರುವ ಮಂಚ ನಮ್ಮದು.

ಕಡೆದ ಕಂಬಗಳಾದರೆ ಕೊಯ್ಯುವ ಮೊದಲು ಎರಡು ಸಲ ಯೋಚಿಸಿ. ಹಿಂದಿನ ಎರಡನ್ನು ಉಳಿಸಿ ನಡುವೆ ಒಂದು ಅಡ್ಡಕೋಲು ಕೊಟ್ಟರೆ ಕೊಡೆ, ಚೀಲ, ಹಾಳೆಮುಟ್ಟಾಳೆ ತೂಗಿಸಲು ಆಗುತ್ತದೆ. ಬೀಟೆಯ ಮಂಚಕ್ಕೆ ಒಳ್ಳೆಯ ಕೆತ್ತನೆ ಇದ್ದು ನಾಲ್ಕು ಕಾಲೂ ಭದ್ರವಾಗಿದ್ದರೆ ನನ್ನ ಮಾತು ಬೇರೆ: ಕೊಯ್ಯಲೇಬೇಡಿ. ಅದು ಮಂಚವಾಗಿಯೇ ಇರಲಿ, ಬೇಕೆನ್ನುವ ನೆಂಟರಿಗೆ ಕೊಡಿ.

ಆಚಾರಿ ಮಲಯಾಳಂನವರು. ಅಳತೆ, ಮಾತು ಹೇಗೆ?

ಮಂಚಕ್ಕೆ ಕಟ್ಟಿಲ್, ಹಲಸಿಗೆ ಪ್ಲಾವ್, ಸಾಗುವಾನಿಗೆ ತೇಕ್ಕ್, ಬೀಟೆಗೆ ವೀಟ್ಟಿ, ಹೆಬ್ಬಲಸಿಗೆ ಐನಿ, ಗೆದ್ದಲಿಗೆ ಚಿದಲ್. ಇಷ್ಟು ಗೊತ್ತಿದ್ದರೆ ಮಿಲ್ಲಿನಲ್ಲೂ ನಡೆಯುತ್ತದೆ. ಎಚ್ಚರ ಬೇಕಾದ್ದು ಅಳತೆಯಲ್ಲಿ. ಹಳೆ ಕ್ರಮದ ಆಚಾರಿಗೆ ಒಂದು ಕೋಲು ಎಂದರೆ 24 ಅಂಗುಲ, 72 ಸೆಂ.ಮೀ. ಅವರ ಅಂಗುಲ 3 ಸೆಂ.ಮೀ., ನಮ್ಮ ಇಂಚು ಎರಡೂವರೆ. ನೀವು 17 ಎಂದದ್ದು ಅವರಿಗೆ ಅಂಗುಲವೆಂದು ಕೇಳಿಸಿದರೆ ಬೆಂಚು 51 ಸೆಂ.ಮೀ. ಎತ್ತರವಾಗಿ ಕಾಲು ನೆಲಕ್ಕೆ ತಾಗುವುದಿಲ್ಲ. ಸೆಂಟಿಮೀಟರಿನಲ್ಲೇ ಬರೆದು ಕೊಡಿ.

ಎಷ್ಟು ದಿನದ ಕೆಲಸ?

ಬಿಚ್ಚಿ, ಪೇಂಟು ತೆಗೆದು, ಒಣಗಿಸುವುದನ್ನು ಮನೆಯವರೇ ಮಾಡಿಕೊಂಡರೆ ಆಚಾರಿಗೆ ಒಂದೂವರೆ ದಿನದ ಕೆಲಸ. ಎಲ್ಲವನ್ನೂ ಅವರಿಗೇ ಬಿಟ್ಟರೆ ನಾಲ್ಕು ದಿನ ಹಿಡಿಯುತ್ತದೆ, ಆಗ ಕೂಲಿಯೇ ದೊಡ್ಡ ಖರ್ಚು.

ತೀರಿಕೊಂಡವರ ಮಂಚವನ್ನು ಬೆಂಚು ಮಾಡಬಹುದೇ?

ಹೆಚ್ಚಿನವರು ಇದನ್ನು ಎಲ್ಲಕ್ಕಿಂತ ಕೊನೆಗೆ, ದನಿ ತಗ್ಗಿಸಿ ಕೇಳುತ್ತಾರೆ. ಕೆಲವು ಮನೆಗಳಲ್ಲಿ ಅಂಥ ಮಂಚ ಇಟ್ಟುಕೊಳ್ಳುವ ಕ್ರಮವಿಲ್ಲ, ಅಲ್ಲಿ ಹಿರಿಯರ ಮಾತೇ ಸರಿ. ನಾನು ನಮ್ಮ ಮನೆಯದನ್ನು ಮಾತ್ರ ಹೇಳಬಲ್ಲೆ.

ಅಜ್ಜಿಯ ಕೊನೆಯ ಎರಡು ವರ್ಷ ಆ ಹಸಿರು ಮಂಚದ ಮೇಲೆಯೇ ಕಳೆಯಿತು. ಅವರು ಹೋದ ಮೇಲೆ ಒಂದು ವರ್ಷ ಅಮ್ಮ ಆ ಕೋಣೆಗೆ ಬೀಗ ಹಾಕಿಟ್ಟಿದ್ದರು. ವರ್ಷಾಂತಿಕ ಮುಗಿದ ಮೇಲೆ ನಾನು ಬೆಂಚಿನ ಮಾತೆತ್ತಿದೆ. ಅಮ್ಮ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಪೇಂಟು ತೆಗೆಯುವ ದಿನ ಅಂಗಳಕ್ಕೆ ಬಂದು ನಿಂತರು. ತಲೆಹಲಗೆಯ ಬಲಮೂಲೆಯಲ್ಲಿ, ಮಲಗಿದವರ ಕೈಗೆ ಎಟಕುವಷ್ಟು ಎತ್ತರದಲ್ಲಿ, ನಾಲ್ಕು ಬೆರಳಗಲ ಸುಣ್ಣದ ಗುರುತು. ಎಲೆಗೆ ಸುಣ್ಣ ಸವರಿ ಅಜ್ಜಿ ಬೆರಳು ಒರಸುತ್ತಿದ್ದ ಜಾಗ ಅದು. ವರ್ಷಗಟ್ಟಲೆ ಒರಸಿ ಒರಸಿ ಪೇಂಟು ಅಲ್ಲಿ ಸವೆದು, ಸುಣ್ಣ ಬರಿಮರಕ್ಕೇ ಇಳಿದಿತ್ತು. ಅದನ್ನು ಉಜ್ಜಬೇಡಿ ಎಂದರು ಅಮ್ಮ. ಸುತ್ತಲಿನ ಪೇಂಟು ತೆಗೆದು ಅಷ್ಟನ್ನು ಹಾಗೇ ಬಿಟ್ಟು, ಮೇಲೆ ಎಣ್ಣೆ ಹಚ್ಚಿದೆವು. ಸಂಜೆ ದೀಪ ಹಚ್ಚಿ ಬಂದು ಅಮ್ಮ ಕೂರುವುದು ಆ ಮೂಲೆಯಲ್ಲಿ.

ಉಳಿದ ತುಂಡುಗಳನ್ನು ಏನು ಮಾಡುವುದು?

ಕಾಲುಗಡೆಯ ಹಲಗೆಯಿಂದ ತೆಗೆದಿಟ್ಟ 13 ಇಂಚಿನ ಎರಡು ತುಂಡು ಇದೆಯಲ್ಲ, ಅಡಿಗೆ ಎರಡೆರಡು ರೀಪು ಹೊಡೆದರೆ ಎರಡು ಮಣೆ. ಪೇಂಟು ಎರಡೂ ಮೈಯಿಂದ ಪೂರ್ತಿ ಹೋಗಿರಲಿ. ನಮ್ಮಲ್ಲಿ ಒಂದು ದೇವರ ಕೋಣೆಯಲ್ಲಿದೆ, ಇನ್ನೊಂದರ ಮೇಲೆ ಕೂತು ಮೇ ತಿಂಗಳಿಡೀ ಹಲಸಿನ ಸೊಳೆ ಬಿಡಿಸುತ್ತೇವೆ.